ಅನಿವಾರ್ಯ ಮನುಷ್ಯ

ಸ್ಟೋರ್ ಗುಮಾಸ್ತನಿಗೆ ಅವತ್ತು ಬಿಸಿನೀರು ಕುಡಿಯುವ ಮನಸ್ಸಾಗದೇ ಇದ್ದಿದ್ದರೆ ಬಾಳು ಹೇಗೋ ಸಾಗುತ್ತಿತ್ತು. ಫ್ಯಾನ್ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಬಿಡಿಭಾಗಗಳ ನಡುವೆ ಕೂತು ಕೂತು ಅವನಿಗೆ ಕೆಮ್ಮು ಹತ್ತಿತ್ತು. ಊರಿಗೆಲ್ಲ ಗಾಳಿ ಹಂಚುವ ಕಾರ್ಖಾನೆಯಲ್ಲಿ ಪಾಪ, ಅವನೊಬ್ಬನಿಗೆ ಗಾಳಿಯಿರಲಿಲ್ಲ. "ಮೊದಲು ಆ ತೇವದ ಜಾಗ ಬಿಡಿ, ಆಮೇಲೆ ಔಷಧಿ ಮಾತು" ಎಂದಿದ್ದರು ಡಾಕ್ಟರು. ಮೇಲಿನ ಮಹಡಿಯಲ್ಲಿ ಕಿಟಕಿ ಪಕ್ಕದ ಮೇಲ್ವಿಚಾರಕನ ಕುರ್ಚಿ ಖಾಲಿಯಿತ್ತು. ಅದು ಖಾಲಿಯಾದಾಗಲೆಲ್ಲ ಅವನಿಗಿಂತ ಕಿರಿಯರೇ ಹೋಗಿ ಕೂತಿದ್ದರು.

ಕ್ಯಾಂಟೀನಿನ ಬಿಸಿನೀರಿನ ಡ್ರಮ್ಮಿನ ಹಿಂದೆ ಕಂಪನಿ ಒಂದು ನೋಟೀಸು ಅಂಟಿಸಿತ್ತು. ಅಂಟಿಸಲೇಬೇಕೆಂದು ಕಾನೂನಿತ್ತು, ಕಾಣಲೇಬೇಕೆಂದು ಇರಲಿಲ್ಲ. ಲೋಟ ಹಿಡಿದು ಬಗ್ಗಿದ ಗುಮಾಸ್ತನ ಕಣ್ಣಿಗೆ ಅದು ಬಿತ್ತು. ನೌಕರ ಕೇಳಿದರೆ ಅವನ ಸೇವಾ ಕಡತವನ್ನು ತೋರಿಸಬೇಕು ಎಂದು ಅದರಲ್ಲಿ ಬರೆದಿತ್ತು.

"ಕೇಳಿಬಿಡೋ!" ಎಂದ ಲೇಥ್ ಯಂತ್ರದ ಹಿರಿಯ. ಎಲ್ಲರೂ ಅವನನ್ನು ಕಾನೂನು ಮಾವ ಎನ್ನುತ್ತಿದ್ದರು, ಒಂದು ಕೇಸನ್ನೂ ಗೆದ್ದವನಲ್ಲ. "ಯಾರೋ ನಿನ್ನ ಮೇಲೆ ಚಾಡಿ ಬರೆದಿದ್ದಾರೆ. ಇಲ್ದಿದ್ರೆ ಇಷ್ಟು ವರ್ಷ ಆ ಪಾತಾಳದಲ್ಲಿ ಯಾಕೆ ಕೊಳೀತಿದ್ದೆ?"

ಕಡತ ಕೇಳಲು ಹೋದವನನ್ನು ದಾಖಲೆ ಕೋಣೆಯ ಅಮ್ಮ ಅಡಿಯಿಂದ ಮುಡಿಯವರೆಗೆ ನೋಡಿದರು.

"ಕೇಸು ಗೀಸು ಹಾಕ್ತೀರೇನಪ್ಪಾ?"

"ಇಲ್ಲಮ್ಮ, ಸುಮ್ನೆ ನೋಡೋಣ ಅಂತ."

"ಸುಮ್ನೆ ಯಾರೂ ನೋಡಲ್ಲ. ಊಟ ಆದ್ಮೇಲೆ ಬನ್ನಿ."

ಅವನು ಕೆಳಗಿಳಿಯುವಷ್ಟರಲ್ಲಿ ಅವನು ಕೇಸು ಹಾಕಿಯೇಬಿಟ್ಟ ಎಂದು ಸುದ್ದಿ ಹಬ್ಬಿತ್ತು. ಕ್ಯಾಂಟೀನಿನಲ್ಲಿ ಅವನ ಪಕ್ಕದ ಬೆಂಚು ಖಾಲಿಯಾಯಿತು. ಪ್ಯಾಕಿಂಗಿನವನು ದೂರದಿಂದಲೇ ಕೈಮುಗಿದ: "ಸಾಕ್ಷಿಗೆ ಮಾತ್ರ ನನ್ನ ಕರೀಬೇಡಣ್ಣ, ಮಕ್ಕಳೊಂದಿಗ."

ಊಟದ ನಂತರ ಕಡತ ಬಂತು. ನಿಂತಲ್ಲೇ ತೆರೆದ. ಚಾಡಿ ಒಂದೂ ಇರಲಿಲ್ಲ. ವರ್ಷ ವರ್ಷವೂ ಅದೇ ಮಾತು: 'ಅತ್ಯಂತ ಸಮರ್ಥರು. ನೆಲಮಾಳಿಗೆಗೆ ಅನಿವಾರ್ಯ. ಕದಲಿಸಬಾರದು.'

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ಹೊಗಳಿ ಹೊಗಳಿಯೇ ತನ್ನನ್ನು ಹೂತಿದ್ದಾರೆಂದು ತಿಳಿದು ಅವನಿಗೆ ಅಳು ಬಂತು. ಜೊತೆಗೆ ಬಂದಿದ್ದ ಕಾನೂನು ಮಾವ ಹೆಗಲ ಮೇಲಿಂದ ಕತ್ತು ಚಾಚಿದ.

"ಅಳ್ಬೇಡ. ಅವರು ಬರೆದಿದ್ದು ಒಪ್ಪಿಗೆ ಇಲ್ಲ ಅಂದ್ರೆ ನೀನೂ ಆಕ್ಷೇಪಣೆ ಬರೆದು ಸೇರಿಸಬಹುದು. ಅದನ್ನ ಅವರಪ್ಪನೂ ಕಿತ್ತು ಹಾಕೋ ಹಾಗಿಲ್ಲ. ಬರಿ!"

"ಏನಂತ ಬರೀಲಿ ಮಾವ?"

"ಹೊಗಳಿಕೆ ಸುಳ್ಳು ಅಂತ ಬರಿ. ಸ್ವಲ್ಪ ಜೋರಾಗೇ ಬರಲಿ."

ಅವನು ಬರೆದ: 'ನಾನು ಸಮರ್ಥನಲ್ಲ. ಒಂದು ಬೋಲ್ಟು ಹುಡುಕಲೂ ಪರದಾಡುತ್ತೇನೆ. ಆಗಾಗ ತೂಕಡಿಸುತ್ತೇನೆ. ನಾನು ಯಾರಿಗೂ ಅನಿವಾರ್ಯನಲ್ಲ.' ಅಮ್ಮ ಅದರ ಮೇಲೆ ಧಪ್ಪೆಂದು ಮುದ್ರೆ ಒತ್ತಿದರು.

ಸಂಜೆ ಮ್ಯಾನೇಜರ್ ಕರೆಸಿದರು. ಮುಖ ಸಪ್ಪಗಿತ್ತು.

"ನೀವು ಕೇಸು ಹಾಕ್ತೀರಿ ಅಂತ ಕೇಳಿ ನಮಗೂ ಭಯ ಆಯ್ತು ಕಣ್ರೀ. ಯಾಕೆ ರಗಳೆ ಅಂತ ಮೇಲಿನ ಕುರ್ಚಿ ನಿಮಗೇ ಕೊಡೋಣ ಅಂದ್ಕೊಂಡು ಆದೇಶ ಟೈಪ್ ಮಾಡಿಸ್ದೆ. ಸಹಿ ಹಾಕೋ ಮುಂಚೆ ಕಡತ ನೋಡಲೇಬೇಕಲ್ಲ, ನೋಡ್ದೆ. ತೂಕಡಿಸೋರನ್ನ ಮೇಲ್ವಿಚಾರಕ ಮಾಡೋದು ಹೇಗೆ, ನೀವೇ ಹೇಳಿ."

ಗುಮಾಸ್ತ ಮೇಜಿನ ಮೇಲೆ ಬಗ್ಗಿದ. "ಅದು ಸುಳ್ಳು ಸಾರ್! ಹರಿದು ಹಾಕಿಬಿಡಿ."

"ನೌಕರನ ಹೇಳಿಕೆ ಹರಿದ್ರೆ ನಮ್ಮ ಮೇಲೇ ಕೇಸು."

"ಹಾಗಾದ್ರೆ ಇನ್ನೊಂದು ಆಕ್ಷೇಪಣೆ ಬರೀತೀನಿ."

ಕಡತ ಹಿಡಿದು ನಿಂತಿದ್ದ ಅಮ್ಮ ಕನಿಕರದಿಂದ ತಲೆಯಾಡಿಸಿದರು. "ಕಂಪನಿ ಬರೆದಿದ್ದಕ್ಕೆ ಬರೀಬಹುದಪ್ಪ. ನಿಮ್ಮನ್ನ ನೀವೇ ಬೈದುಕೊಂಡಿದ್ದಕ್ಕೆ ಕಾನೂನಲ್ಲಿ ದಾರಿ ಇಲ್ಲ."

"ಸಾರ್, ಕುರ್ಚಿ ಬೇಡ. ನೆಲಮಾಳಿಗೆಯಿಂದಾದ್ರೂ ತೆಗೀರಿ. ನಾನು ಅಲ್ಲಿಗೆ ಅನಿವಾರ್ಯ ಅಲ್ವಲ್ಲ!"

ಮ್ಯಾನೇಜರ್ ಟೈಪಾದ ಆದೇಶವನ್ನು ನಿಧಾನವಾಗಿ ನಾಲ್ಕಾಗಿ ಹರಿದರು.

"ತೆಗೆದು ಎಲ್ಲಿಗೆ ಹಾಕಲಿ? ಇಷ್ಟು ದಿನ ಸಮರ್ಥರು ಅಂತ ಅಲ್ಲಿಟ್ಟಿದ್ವಿ. ಇನ್ಮೇಲೆ ಅಸಮರ್ಥರು ಅಂತ ಅಲ್ಲೇ ಇರ್ತೀರಿ."