ಬೀಗರ ಅಜ್ಜಿಯ ಹೆಸರು

ನನ್ನ ಮೊಮ್ಮಗಳಿಗೆ ಹೆಸರಿಟ್ಟಾಯಿತು! ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಪೆನ್ನು ಹಿಡಿದು ಕೂತಿದ್ದೇನೆಂದರೆ ಖುಷಿ ಎಷ್ಟಿರಬೇಕು, ನೀವೇ ಅಂದಾಜು ಮಾಡಿ. ಕೂಸಿಗೆ ಹೆಸರಿಡುವುದೇನು ಮಹಾ ಕೆಲಸವೇ ಎನ್ನುತ್ತೀರಾ? ಹಾಗೆನ್ನುವವರು ನಮ್ಮ ಬೀಗರನ್ನು ನೋಡಿಲ್ಲ. ಮಗಳ ಬಾಣಂತನಕ್ಕೆಂದು ಕತಾರಿಗೆ ಬಂದ ನನಗೆ ಬಾಣಂತನದಿಂದ ಆದ ಸುಸ್ತು ಒಂದು ಪಾಲಾದರೆ, ಬೀಗರಿಂದ ಆದದ್ದು ಮೂರು ಪಾಲು.

ಅವರು ಅಳಿಯನ ತಂದೆ, ಇಲ್ಲೇ ಮಗನ ಜೊತೆ ಇರುವವರು. ಬದುಕಿರುವವರಿಗಿಂತ ಸತ್ತವರ ಮೇಲೇ ಅವರಿಗೆ ಅಕ್ಕರೆ ಜಾಸ್ತಿ. ಬಸ್ ಕಂಡಕ್ಟರಾಗಿದ್ದಷ್ಟು ಕಾಲ ಸಿಕ್ಕವರನ್ನೆಲ್ಲ ‘ಎಲ್ಲಿಗೆ?’ ಎಂದು ಕೇಳಿದರು. ರಿಟೈರಾದ ಮೇಲೆ ‘ಎಲ್ಲಿಂದ?’ ಎಂದು ಕೇಳಲು ಶುರುಮಾಡಿದರು. ಯಾವೂರು, ಯಾರ ಮಗ, ತಾತನ ಹೆಸರೇನು, ಅವರ ತಾಯಿ ಯಾವ ಮನೆತನ. ಒಮ್ಮೆ ಇಲ್ಲಿಯ ಮೆಟ್ರೋದಲ್ಲಿ ಮಂಡ್ಯದ ಎಂಜಿನಿಯರೊಬ್ಬನನ್ನು ಹೀಗೇ ಹಿಡಿದರು. ಸಂಬಂಧ ಹುಡುಕಿ ಮುಗಿಸುವ ಹೊತ್ತಿಗೆ ಅವನು ಇಳಿಯಬೇಕಾದ ಸ್ಟೇಷನ್ ಹೋಗಿ, ಅಲ್ ವಕ್ರಾದ ಕೊನೇ ಸ್ಟೇಷನ್ನೇ ಬಂದಿತ್ತು. ಮುಂದಿನ ಶುಕ್ರವಾರ ರಜೆಗೆ ಅವನು ‘ದೊಡ್ಡಪ್ಪಾ’ ಎನ್ನುತ್ತಾ ಊಟಕ್ಕೆ ಬಂದ. ನೆಂಟಸ್ತನ ಕಂಡುಹಿಡಿದವರು ಬೀಗರು, ಮುದ್ದೆ ತಿರುವಿದವಳು ನಾನು.

ಇಂಥವರು ಮೊಮ್ಮಗಳು ಹುಟ್ಟಿದರೆ ಸುಮ್ಮನಿರುತ್ತಾರೆಯೇ? ಮನೆಯ ಮೊದಲ ಹೆಣ್ಣುಕೂಸಿಗೆ ತಮ್ಮನ್ನು ಸಾಕಿದ ಅಜ್ಜಿಯ ಹೆಸರೇ ಆಗಬೇಕೆಂದು ಹಟ ಹಿಡಿದರು. ಆಗಲಿ, ಯಾರು ಬೇಡವೆಂದರು? ಆದರೆ ಆ ಅಜ್ಜಿಯ ಹೆಸರು ಬೀಗರಿಗೇ ಗೊತ್ತಿಲ್ಲ! ಗಂಡ ಆಕೆಯನ್ನು ‘ಇವಳೇ’ ಎಂದು ಕರೆಯುತ್ತಿದ್ದ. ಊರಿನವರಿಗೆ ಆಕೆ ಮೂಲೆಮನೆ ಅಜ್ಜಿ. ಬೀಗರು ಐದನೇ ಕ್ಲಾಸಿನಲ್ಲಿರುವಾಗಲೇ ಹೋಗಿಬಿಟ್ಟವಳು. ಕೇಳೋಣವೆಂದರೆ ಆ ಕಾಲದವರು ಒಬ್ಬರೂ ಉಳಿದಿಲ್ಲ.

ಅಷ್ಟರಲ್ಲಿ ಮೊಬೈಲಿನಲ್ಲಿ ಏನೋ ಓದಿದರು. ಕೆಲವು ದೇಶಗಳಲ್ಲಿ ಹಳೆಯ ಜನಗಣತಿಯ ಕಾಗದಗಳನ್ನು ವಂಶ ಹುಡುಕುವವರಿಗೆ ತೆರೆದಿಡುತ್ತಾರಂತೆ. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು. ನಾನು ಕೂಸಿಗೆ ಎಣ್ಣೆ ಹಚ್ಚುವಾಗ ಜನಗಣತಿ, ಸಾಂಬ್ರಾಣಿ ಹೊಗೆ ಹಾಕುವಾಗ ಜನಗಣತಿ. ‘ಅಪ್ಪಾ, ಹೆಸರಿಲ್ಲದೆ ಪಾಸ್‌ಪೋರ್ಟ್ ಆಗಲ್ಲ, ಈ ಶುಕ್ರವಾರ ಸಂಜೆ ಶಾಸ್ತ್ರ ಖಲಾಸ್ ಮಾಡಿಬಿಡೋಣ’ ಎಂದ ಅಳಿಯ. ಬೀಗರು ಅವನಿಗೆ ಬೆನ್ನು ಹಾಕಿ ಮಲಗಿದರು.

ಇವತ್ತೇ ಆ ಶುಕ್ರವಾರ. ಬೆಳಿಗ್ಗೆ ಅಲ್ ಮನ್ಸೂರಾದ ಹೋಟೆಲೊಂದರ ಮಹಡಿಯಲ್ಲಿ ಕನ್ನಡದವರ ಕೂಟವಿತ್ತು. ಬೀಗರು ಎಲ್ಲರ ಪ್ರಾಣ ತಿಂದು ಜನಗಣತಿಯನ್ನೇ ಚರ್ಚೆಗೆ ಇಡಿಸಿದ್ದರು. ‘ನೀನೂ ಹೋಗಮ್ಮ, ಇಲ್ದಿದ್ರೆ ದಾರೀಲಿ ಯಾರನ್ನಾದ್ರೂ ಹಿಡ್ಕೊಂಡು ನಿಂತ್ಬಿಡ್ತಾರೆ’ ಎಂದು ಮಗಳು ನನ್ನನ್ನೂ ಹೊರಡಿಸಿದಳು.

‘ನಮ್ಮ ತಾತ ಮುತ್ತಾತನ ಗಣತಿ ಚೀಟಿ ನಮಗೇ ತೋರ್ಸಕ್ಕೆ ಏನ್ರಪ್ಪ ಕಷ್ಟ?’ ಎಂದು ಬೀಗರು ಶುರುಮಾಡಿದರು.

ಮಂಗಳೂರಿನ ಲಾಯರಮ್ಮ ಒಬ್ಬಳು ಎದ್ದಳು. ‘ಎಂತ ಅಂಕಲ್, ಗುಟ್ಟಾಗಿ ಇಡ್ತಾರೆ ಅಂತ ನಂಬಿ ಬರೆಸಿದ್ದಲ್ವಾ ಅವರು? ಮೊಮ್ಮಕ್ಕಳು ಓದ್ಲಿ ಅಂತ ಅಲ್ಲ. ನಿಮ್ಮ ಅಜ್ಜನಿಗೆ ಇನ್ನೊಂದು ಸಂಸಾರ ಇತ್ತು ಅಂತ ಬಂದ್ರೆ ಎಂತ ಮಾಡ್ತೀರಿ?’

‘ಒಳ್ಳೇದೇ ಆಯ್ತಲ್ಲವ್ವ, ಹಬ್ಬಕ್ಕೆ ನೆಂಟರು ಜಾಸ್ತಿ ಆಯ್ತಾರೆ.’

ಎಲ್ಲರೂ ನಕ್ಕರು. ಲಾಯರಮ್ಮ ಮಾತ್ರ ನಗಲಿಲ್ಲ. ‘ನಿಮಗೆ ನೆಂಟರು ಅಂಕಲ್, ಆ ಅಜ್ಜಿಗೆ ಮರ್ಯಾದೆ ಪ್ರಶ್ನೆ’ ಎಂದಳು. ಅದೂ ಸರಿಯೇ ಅನ್ನಿಸಿತು ನನಗೆ. ನಮ್ಮ ಮನೆಗೆ ಗಣತಿಯವರು ಬಂದಾಗ ಅವ್ವ ಅಡುಗೆಮನೆ ಬಿಟ್ಟು ಹೊರಗೆ ಬಂದವಳೇ ಅಲ್ಲ. ಬಾಗಿಲಲ್ಲಿ ನಿಂತ ಅಪ್ಪ ಏನು ಬರೆಸಿದನೋ ಅದೇ ನಾವು.

ಕೊನೆಗೆ ಹಿರಿಯರೊಬ್ಬರು ಕಾಫಿ ಲೋಟ ಕೆಳಗಿಟ್ಟು, ‘ಸುಮ್ನೆ ಯಾಕೆ ಜಗಳ ಸ್ವಾಮಿ? ನಮ್ಮಲ್ಲಿ ಹಳೇ ಚೀಟಿಗಳನ್ನ ಎಣಿಕೆ ಮುಗಿದ ಮೇಲೆ ಇಟ್ಟೇ ಇಲ್ವಂತೆ’ ಎಂದರು. ಬೀಗರು ಕೂತುಬಿಟ್ಟರು. ಎದುರಿಗಿದ್ದ ವಡೆಯನ್ನೂ ಮುಟ್ಟಲಿಲ್ಲ.

ವಾಪಸು ಬರುವಾಗ ಮೆಟ್ರೋದಲ್ಲಿ ಅವರು ಯಾರನ್ನೂ ‘ಎಲ್ಲಿಂದ?’ ಎಂದು ಕೇಳಲಿಲ್ಲ. ನನಗೆ ಸುಸ್ತಾಗಿತ್ತು. ಆದರೂ ಕೇಳಿದೆ. ‘ಒಂದು ಹೆಸರಿಗೆ ಯಾಕಿಷ್ಟು ಹಟ ಬೀಗರೇ?’

‘ಪಿತೃಪಕ್ಷದಲ್ಲಿ ಮೊದಲ್ನೇ ಸಲ ಅಜ್ಜಿಗೆ ಎಡೆ ಇಡೋವಾಗ ಅಯ್ನೋರು ಹೆಸರು ಹೇಳು ಅಂದ್ರು ಅಕ್ಕಾ. ಗೊತ್ತಿಲ್ಲ ಅನ್ನಕ್ಕೆ ನಾಚ್ಕೆ ಆಯ್ತು. ಬಾಯಿಗೆ ಬಂದಂಗೆ ಲಕ್ಷ್ಮಮ್ಮ ಅಂದ್ಬುಟ್ಟೆ. ಆವತ್ತಿಂದ ವರ್ಷಾ ವರ್ಷಾ ಲಕ್ಷ್ಮಮ್ಮಂಗೇ ಎಡೆ. ಅದ್ಯಾವ ಲಕ್ಷ್ಮಮ್ಮನೋ ಉಣ್ತಾವ್ಳೆ. ನಮ್ಮಜ್ಜಿ ಹಸ್ಕೊಂಡವ್ಳೆ.’

ನಗುವುದೋ ಅಳುವುದೋ ತಿಳಿಯಲಿಲ್ಲ ನನಗೆ.

‘ನೀವು ಏನಂತ ಕೂಗ್ತಿದ್ರಿ ಅವರನ್ನ?’

‘ಅವ್ವಾ ಅಂತ.’

‘ಕೂಗುದ್ರೆ ಓ ಅಂತಿದ್ರಾ?’

‘ಗದ್ದೆಯಿಂದಾಚೆ ಇದ್ರೂ ಓ ಅಂತಿದ್ಳು.’

‘ಮತ್ತಿನ್ನೇನು ಬುಡಿ’ ಎಂದೆ. ಸುಸ್ತಿನಲ್ಲಿ ಬಾಯಿಗೆ ಬಂದ ಮಾತು ಅದು, ಬುದ್ಧಿವಂತಿಕೆಯೇನಲ್ಲ.

ಸಂಜೆ ತೊಟ್ಟಿಲ ಶಾಸ್ತ್ರ. ಪಾಸ್‌ಪೋರ್ಟಿಗೆ ಬೇಕಾದ ಹೆಸರನ್ನು ಮಗಳು, ಅಳಿಯ ಹೇಳಿಯಾಯಿತು. ಹಿರಿಯರ ಹೆಸರನ್ನು ಕಿವಿಯಲ್ಲಿ ಹೇಳಲು ಸೋದರತ್ತೆ ಇಲ್ಲವಾದ್ದರಿಂದ ಬೀಗರನ್ನೇ ಕರೆದೆವು. ಅವರು ಬಗ್ಗಿ ಕೂಸಿನ ಕಿವಿಗೆ ಬಾಯಿಟ್ಟರು. ಪಕ್ಕದಲ್ಲೇ ನಿಂತಿದ್ದ ನನಗೆ ಕೇಳಿಸಿತು. ‘ಅವ್ವ’ ಎಂದರು. ಅಷ್ಟೇ.

ಊಟಕ್ಕೆ ಕೂರುವ ಮುಂಚೆ ಒಂದೆಲೆಗೆ ಎಲ್ಲವನ್ನೂ ತಾವೇ ಬಡಿಸಿ, ಗೋಡೆಯ ಕಡೆ ಇಟ್ಟು, ಎದುರಿಗೆ ಕೂತರು. ಶುಭಕಾರ್ಯದ ದಿನ ಇದೇನು ಎಂದು ಕೇಳುವ ಮನಸ್ಸು ಯಾರಿಗೂ ಬರಲಿಲ್ಲ. ‘ಅವ್ವಾ, ಉಣ್ಬಾ’ ಎಂದು ಕಣ್ಣು ಮುಚ್ಚಿದರು. ಆಮೇಲೆ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ‘ಬಡ್ಸಿ ಅಕ್ಕಾ, ನಂಗೂ ಹಸಿವಾಯ್ತಾ ಅದೆ’ ಎಂದರು. ಮಗಳು ಕೂಸನ್ನು ಮಡಿಲಿಗೆ ಹಾಕಿಕೊಂಡು ಬಂದಳು, ಅಳಿಯ ನೀರು ತಂದಿಟ್ಟ, ನಾನು ಪಾಯಸ ಬಡಿಸಿ ಸೊಂಟ ಹಿಡಿದುಕೊಂಡು ಕೂತೆ. ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತು ಉಂಡೆವು.