ಬಿಚ್ಚುವ ಮೊದಲು ಓದಿರಿ

ಯಾವ ಯಂತ್ರವನ್ನೇ ಆಗಲಿ, ಬಿಚ್ಚುವ ಮೊದಲು ಪುಟವನ್ನು ಕೊನೆಯ ಸಾಲಿನವರೆಗೆ ಓದಬೇಕು. ಚಿಕ್ಕೋಡಿಯ ನಮ್ಮ ಓಣಿಯಲ್ಲಿ ನಾನು ಹಾಕಿದ ನಿಯಮ ಇದೊಂದೇ. ಇದನ್ನು ಎಲ್ಲರೂ ಒಪ್ಪಿದರು, ಎಲ್ಲರೂ ಮುರಿದರು. ಮುರಿಯುವುದು ಈಗಲೂ ನಡೆದೇ ಇದೆ.

ಹಿನ್ನೆಲೆ ಇಷ್ಟು. ಪಕ್ಕದ ಮನೆಯ ಅಕ್ಕ ಘರಘಂಟಿ ಇಟ್ಟುಕೊಂಡು, ಅಂದರೆ ಕಪಾಟಿನಂಥ ಮನೆಗಿರಣಿ ಇಟ್ಟುಕೊಂಡು, ಓಣಿಗೆಲ್ಲ ಜೋಳ ಬೀಸಿಕೊಟ್ಟು ಸಂಸಾರ ನಡೆಸುವವರು. ಒಂದು ದಿನ ಅದು ನಿಂತಿತು. ನಿಪ್ಪಾಣಿಯ ಅಂಗಡಿಯವನು ಫೋನಿನಲ್ಲೇ ತೀರ್ಪು ಕೊಟ್ಟ: "ಮೋಟರ್ ಹೋಗೇತ್ರಿ. ನವೀನ್ ಘ್ಯಾ." ಹೊಸದು ಕೊಳ್ಳಿ ಎಂದು ಮರಾಠಿಯಲ್ಲಿ ಹೇಳುವುದಕ್ಕೆ ಅವನು ಯಂತ್ರದ ಮುಖವನ್ನೂ ನೋಡಬೇಕಿರಲಿಲ್ಲ. ನನಗೆ ರೇಗಿತು. ಯಾವುದನ್ನು ಹೇಗೆ ಬಿಚ್ಚಿ ರಿಪೇರಿ ಮಾಡಬೇಕು ಎಂದು ಚಿತ್ರಸಮೇತ, ಪುಕ್ಕಟೆ ಹೇಳಿಕೊಡುವ ಜಾಲತಾಣಗಳಿರುವಾಗ ಇವನ ಅಪ್ಪಣೆ ನಮಗೇಕೆ? "ಹೊಸದು ಕೊಳ್ಳುವುದಿಲ್ಲ. ನಾವೇ ಮಾಡುತ್ತೇವೆ" ಎಂದು ಫೋನಿಟ್ಟೆ.

"ಸರ, ನನ್ನ ಹೊಟ್ಟೀ ಪ್ರಶ್ನೆ ಐತ್ರಿ" ಎಂದರು ಅಕ್ಕ.

ಎಡವೋ ಬಲವೋ

ನಾವೇ ಎಂದೆನಲ್ಲ, ಆ ನಮ್ಮ ಓಣಿಯ ರಿಪೇರಿ ಸೇನೆಯ ಅನುಭವ ಹೇಳಬೇಕು. ಎದುರುಮನೆಯ ಬ್ಯಾಂಕ್ ಕ್ಲರ್ಕ್ ಅದಕ್ಕೂ ಮುಂಚೆ ನನ್ನ ಕಂಪ್ಯೂಟರಿನಲ್ಲಿ ರಿಪೇರಿಯ ಪುಟ ತೆರೆದು ಕೂತು ತಮ್ಮ ಮನೆಯ ಮಿಕ್ಸರ್ ಬಿಚ್ಚಿದ್ದರು. ಮೇಲಿನ ತಿರುಪು ಜಗ್ಗಲಿಲ್ಲ. ಇಕ್ಕಳ ಹಾಕಿ, ಮೊಣಕಾಲು ಕೊಟ್ಟು, ಹಲ್ಲು ಕಚ್ಚಿ ತಿರುಗಿಸಿದರು. ಟಕ್ಕನೆ ಮುರಿಯಿತು.

ಚಿತ್ರದ ಕೆಳಗೇ ಬರೆದಿತ್ತು: ಇದು ಉಲ್ಟಾ ತಿರುಪು, ಬಲಕ್ಕೆ ತಿರುಗಿಸಿದರೆ ಸಡಿಲಾಗುತ್ತದೆ.

"ಓದಲಿಲ್ಲವೇನ್ರಿ?" ಎಂದೆ.

"ಚಿತ್ರಾ ನೋಡಿದ್ನೆಲ್ರಿ ಸರ!"

ಅವರ ಹೆಂಡತಿ ಹಿತ್ತಲಿಗೆ ಹೋಗಿ ಒಳಕಲ್ಲು ತೊಳೆದರು. ಚಟ್ನಿ ರುಬ್ಬುತ್ತ ಗಂಡನಿಗೆ ಹೇಳಿದರು: "ಬರ್ರಿಲ್ಲೆ. ಇದನ್ನ ಯಾ ಕಡೆ ತಿರುವಿದರೂ ನಡೀತೈತಿ."

ಎಲ್ಲಾ ಮುಗಿದೈತಿ

ಸೇನೆಯ ಇನ್ನೊಬ್ಬರು ನಾನು ಪಾಠ ಹೇಳುವ ಶಾಲೆಯ ಪಿ.ಟಿ. ಮಾಸ್ತರರು. ಮಾಹಿತಿ ಜೋಡಿಸಿಡುವ ಒಂದು ಜಾಲತಾಣದಲ್ಲಿ ನಾನು ಓಣಿಯ ಫಲಕ ತೆರೆದಿದ್ದೆ. ಕೆಟ್ಟದ್ದು, ಮಾಡುತ್ತಿರುವುದು, ಮುಗಿದದ್ದು ಎಂದು ಮೂರು ಸಾಲು. ಎಲ್ಲರ ಫೋನಿನಲ್ಲೂ ಕಾಣುತ್ತಿತ್ತು. ಹೇಗೆ ಬಳಸಬೇಕೆಂದು ಮೇಲೆಯೇ ಬರೆದಿದ್ದೆ. ಫಲಕ ನೋಡಿಕೊಳ್ಳುವ ಕೆಲಸ ಮಾಸ್ತರರಿಗೆ.

ಗಿರಣಿ ನಿಂತು ಕೆಟ್ಟದ್ದರ ಸಾಲು ಸೇರಿದ ಮರುದಿನ ಬೆಳಗ್ಗೆ ಅಕ್ಕನ ಬಾಗಿಲಲ್ಲಿ ಜೋಳದ ಡಬ್ಬಿಗಳ ಸಾಲು.

"ಗಿರಣಿ ಬಂದ್ ಐತೆಬೇ!" ಎಂದರು ಅಕ್ಕ.

"ಫೋನಿನ್ಯಾಗ ಮುಗಿದೈತಿ ಅಂತ ಐತಲ್ಲ! ಇವತ್ತ ಸಂಜೀತನಕ ನೋಡತೀವಿ. ಇಲ್ಲಾಂದ್ರ ಬಸ್‌ಸ್ಟ್ಯಾಂಡ್ ಗಿರಣಿ ಹಿಡೀತೀವಿ" ಎಂದು ಹೆಂಗಸರು ಡಬ್ಬಿ ಅಲ್ಲೇ ಇಟ್ಟು ಹೋದರು.

ನಾನು ಮಾಸ್ತರರನ್ನು ನಿಲ್ಲಿಸಿ ಕೇಳಿದೆ.

"ಕೆಟ್ಟದ್ದರ ಸಾಲು ಭಾಳ ಉದ್ದ ಆಗಿತ್ರಿ ಸರ. ಓಣಿ ಮರ್ಯಾದಿ ಪ್ರಶ್ನೆ. ಎಲ್ಲಾನೂ ಮುಗಿದದ್ದರಾಗ ಸರಿಸೀನ್ರಿ. ಈಗ ನೋಡ್ರಿ, ಎಷ್ಟ ಶಿಸ್ತ್ ಕಾಣತೈತಿ!"

ಅಕ್ಕ ಏಳಲಿಲ್ಲ

ಸಂಜೆ ಘರಘಂಟಿಯ ಪುಟವನ್ನು ಫೋನಿನಲ್ಲಿ ತೆರೆದುಕೊಂಡು ನಾನು ಹೋಗುವಷ್ಟರಲ್ಲಿ ಕ್ಲರ್ಕ್, ಮಾಸ್ತರರು ಇಬ್ಬರೂ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ್ದರು.

"ಓದಿದಿರಾ?"

"ಬಿಚ್ಚಿದ ಮ್ಯಾಲೆ ಓದಿದರಾತು ಬಿಡ್ರಿ ಸರ. ಒಳಗ ಏನೈತಿ ಗೊತ್ತಾಗಬೇಕಲ್ಲ" ಎಂದರು ಕ್ಲರ್ಕ್.

ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದು ಗಿರಣಿಗೂ ಅವರಿಗೂ ನಡುವೆ ನೆಲದ ಮೇಲೆ ಕೂತುಬಿಟ್ಟರು. "ಮಿಕ್ಸರ್ ಬಿಚ್ಚಿದ ಕೈ ಇದಕ್ಕ ಹಚ್ಚಬ್ಯಾಡ್ರಿ. ಸರ, ನೀವ ಓದ್ರಿ. ಮುಗಿಯೂತನಕ ನಾ ಏಳೂದಿಲ್ಲ."

ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಮೊದಲ ಸಾಲು: ಪ್ಲಗ್ ಕಿತ್ತಿಡಿ.

"ಕಿತ್ತೀನ್ರಿ!" ಕ್ಲರ್ಕ್ ಕೈಯಲ್ಲಿದ್ದ ಪ್ಲಗ್ ಎತ್ತಿ ತೋರಿಸಿದರು.

ಬೆಲ್ಟು, ಮೋಟರು, ಜರಡಿ ಎಲ್ಲ ಓದಿದೆ. ಮಾಸ್ತರರು ಆಕಳಿಸಿದರು. ಕೊನೆಯ ಸಾಲಿಗೆ ಬಂದೆ: ಇದ್ಯಾವುದನ್ನೂ ಮಾಡುವ ಮೊದಲು ಬಾಗಿಲು ಬಿಗಿಯಾಗಿ ಮುಚ್ಚಿದೆಯೇ ನೋಡಿ, ಸಂದು ಉಳಿದರೆ ಯಂತ್ರ ತಿರುಗುವುದಿಲ್ಲ.

ಅಕ್ಕ ಹೊರಳಿ ನೋಡಿದರು. ಕೊಂಡಿ ಸಡಿಲಾಗಿ ಬಾಗಿಲು ಬೆರಳಷ್ಟು ತೆರೆದೇ ಇತ್ತು. ಅವರು ಬೆನ್ನು ಕೊಟ್ಟು ಬಾಗಿಲನ್ನು ಒತ್ತಿದರು.

ಗುರ್ರ್ ಎಂದು ಗಿರಣಿ ಶುರುವಾಯಿತು! ಮಾಸ್ತರರು ಹೊಸ್ತಿಲ ಆಚೆ ಹಾರಿದರು. ಕ್ಲರ್ಕ್ ಕೈಯಲ್ಲಿನ ಪ್ಲಗ್ ನೋಡಿಕೊಂಡರು. ಅದು ಟಿ.ವಿ.ಯದು.

"ಏಳ್ರಿ ಅಕ್ಕಾ," ಎಂದರು ಕ್ಲರ್ಕ್, ಇನ್ನೂ ಆಸೆ ಬಿಡದೆ. "ಆ ಕೊಂಡಿನಾದ್ರೂ ಬಿಚ್ಚಿ ಬಿಗೀ ಮಾಡತೀನಿ."

"ನಾಳೆ ಸರ ಕೊಂಡೀ ಪುಟಾ ಹುಡುಕಿ ಓದಲಿ, ಆಮ್ಯಾಲ" ಎಂದರು ಅಕ್ಕ. "ಈಗ ಆ ಸ್ಕ್ರೂಡ್ರೈವರ್ ಕೆಳಗಿಟ್ಟು ಡಬ್ಬಿ ಎತ್ರಿ. ಮ್ಯಾಲಿಂದ ಜೋಳ ಸುರೀರಿ."

ಬ್ಯಾಂಕ್ ಮತ್ತು ಶಾಲೆ ಸೇರಿ ಡಬ್ಬಿಯ ಮೇಲೆ ಡಬ್ಬಿ ಸುರಿದವು. ಓಣಿಯ ಹಿಟ್ಟೆಲ್ಲ ಬೀಸಿ ಮುಗಿಯುವವರೆಗೆ ಅಕ್ಕ ಗಡಗಡ ಅಲುಗುತ್ತ, ಬಾಗಿಲಿಗೆ ಬೆನ್ನು ಕೊಟ್ಟು, ಕೂತಲ್ಲಿಂದ ಏಳಲೇ ಇಲ್ಲ.