ಊಹೂಂ ಹೋಗಿ ಹೂಂ ಆದದ್ದು

ಶಿಕಾರಿಪುರದಲ್ಲಿ ನನ್ನದೊಂದು ಪುಟ್ಟ ಡ್ರೈವಿಂಗ್ ಸ್ಕೂಲ್ ಇದೆ. ಮೊದಲೆಲ್ಲ ಬರುವವರಿಗೆ ಕಾರಿನ ಬಗ್ಗೆ ಏನೂ ಗೊತ್ತಿರುತ್ತಿರಲಿಲ್ಲ, ಬೇಗ ಕಲಿತು ಹೋಗುತ್ತಿದ್ದರು. ಈಗ ಎಲ್ಲರೂ ಎಲ್ಲವನ್ನೂ ಮೊಬೈಲಿನಲ್ಲಿ ನೋಡಿಕೊಂಡೇ ಬರುತ್ತಾರೆ. ಹಾಗಾಗಿ ನನಗೆ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಅದರಲ್ಲೂ ಒಬ್ಬ ಟೀಚರ್ ಮೇಡಂ ಕಲಿಯಲು ಬಂದ ಮೇಲೆ ಬೇರೆ ಮನರಂಜನೆಯೇ ಬೇಕಾಗಲಿಲ್ಲ.

ಮೇಡಂಗೆ ಮುಖ್ಯಶಿಕ್ಷಕಿಯಾಗಿ ಬಡ್ತಿ ಬಂದಿತ್ತು. ಆದರೆ ಶಾಲೆ ಸೊರಬದ ಆಚೆ, ಗುಡವಿ ಕಡೆ. ಬಸ್ಸಿನ ಹೊತ್ತಿಗೂ ಶಾಲೆಯ ಗಂಟೆಗೂ ತಾಳಮೇಳವಿಲ್ಲ. ಕಾರು ಓಡಿಸಿದರೆ ಬಡ್ತಿ, ಇಲ್ಲದಿದ್ದರೆ ಅದು ಇನ್ನೊಬ್ಬರ ಪಾಲು. ಹೊಸ ಕಾರೇನೋ ಮನೆ ಮುಂದೆ ಬಂದು ನಿಂತಿತ್ತು. ನಿಂತೇ ಇತ್ತು.

ಯಾರ ಮಾತು ಕೇಳಲಿ?

ಮೊದಲ ದಿನ ಮೇಡಂ ಸ್ಟೇರಿಂಗ್ ಮುಟ್ಟುವ ಮೊದಲೇ ಪ್ರಶ್ನೆ ಹಾಕಿದರು.

"ಸರ್, ಕ್ಲಚ್ ಬಿಡುವಾಗ ಹಿಮ್ಮಡಿ ನೆಲಕ್ಕೆ ಊರಬೇಕು ಅಂತ ಒಬ್ರು ಹೇಳ್ತಾರ್ರೀ. ಊರಲೇಬಾರದು ಅಂತ ಇನ್ನೊಬ್ರು. ಹಿಂದಿಯವನೊಬ್ಬ ಚಪ್ಪಲಿನೇ ಬಿಚ್ಚಿಡಿ ಅಂತಾನೆ. ನಾನು ಯಾರ ಮಾತು ಕೇಳ್ಲಿ?"

"ಸದ್ಯಕ್ಕೆ ನನ್ನ ಮಾತು ಕೇಳ್ರಿ ಮೇಡಂ," ಎಂದೆ.

"ನಿಮ್ದು ಚಾನೆಲ್ ಇದೆಯೇನ್ರೀ?"

"ಇಲ್ಲ."

ಮೇಡಂ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಹೋಗ್ಲಿ ಬಿಡ್ರಿ," ಎಂದರು.

ಕನ್ನಡಿ

ಮರುದಿನ ಕನ್ನಡಿ ಸರಿಮಾಡಿಕೊಳ್ಳುವ ಕೆಲಸ. ಕನ್ನಡಿಯಲ್ಲಿ ನಮ್ಮ ಕಾರು ಸ್ವಲ್ಪ ಕಾಣಬೇಕು ಎಂದು ಒಂದು ವಿಡಿಯೊ, ಕಾಣಲೇಬಾರದು ಎಂದು ಇನ್ನೊಂದು ವಿಡಿಯೊ. ಮೇಡಂ ಎರಡಕ್ಕೂ ಅನ್ಯಾಯವಾಗದಂತೆ ಒಂದು ಕನ್ನಡಿಯನ್ನು ಹಾಗೆ, ಇನ್ನೊಂದನ್ನು ಹೀಗೆ ತಿರುಗಿಸಿದರು. ಆಮೇಲೆ ಸೀಟು ಹಿಂದೆ, ಸೀಟು ಮುಂದೆ. ಅಷ್ಟರಲ್ಲಿ ಕ್ಲಾಸಿನ ಹೊತ್ತು ಮುಗಿದು ಮುಂದಿನ ಪಾಳಿಯವರು ಬಂದು ಬಾಗಿಲ ಬಳಿ ನಿಂತರು. ಕಾರು ಕದಲಿರಲೇ ಇಲ್ಲ.

ಮೇಡಂ ಇಳಿದು ಬೆವರು ಒರೆಸಿಕೊಂಡು, "ಇವತ್ತು ಪರವಾಗಿಲ್ಲ ಅಲ್ವೇನ್ರೀ? ಎಲ್ಲೂ ಗುದ್ದಲಿಲ್ಲ," ಎಂದರು.

ಎಮ್ಮೆ

ಮೈದಾನದಲ್ಲಿ ಮಾತ್ರ ಮೇಡಂ ಹುಲಿ. ಚೆಂದಾಗಿ ಎಂಟು ಹಾಕಿ ತೋರಿಸಿ ಲೈಸೆನ್ಸನ್ನೂ ತೆಗೆದುಕೊಂಡರು. ರಸ್ತೆಗೆ ಬಂದರೆ ಕೈಕಾಲು ಮರಗಟ್ಟುತ್ತಿದ್ದವು.

ಒಮ್ಮೆ ಊರ ಹೊರಗಿನ ರಸ್ತೆಯಲ್ಲಿ ಎಮ್ಮೆಯೊಂದು ಅಡ್ಡ ನಿಂತಿತು. ಹಿಂದಿನ ಸೀಟಿನಿಂದ ಮೇಡಂ ಯಜಮಾನರು, "ಹಾರ್ನ್ ಹಾಕೇ," ಎಂದರು. ಸ್ಪೀಕರಿನಲ್ಲಿದ್ದ ಫೋನಿನಿಂದ ಮೈದುನ, "ಹಾರ್ನ್ ಹಾಕಬೇಡ್ರಿ ಅತ್ತಿಗೆ, ಅದು ಬೆದರ್ತದೆ," ಎಂದ. ನಾನೇನು ಕಡಿಮೆಯೆ? "ಕ್ಲಚ್ ಒತ್ರಿ, ಗೇರ್ ಇಳಿಸ್ರಿ, ಕನ್ನಡಿ ನೋಡ್ರಿ, ಎಡಕ್ಕೆ, ಅಯ್ಯೋ ಅಷ್ಟು ಎಡಕ್ಕಲ್ಲ," ಎಂದು ಒಂದೇ ಉಸಿರಿನಲ್ಲಿ ಸುರಿದೆ. ಗಾಡಿ ಆಫ್ ಆಯಿತು.

"ಎಲ್ರೂ ಬಾಯಿ ಮುಚ್ಚಿ!" ಮೇಡಂ ಮೂರನೇ ಕ್ಲಾಸಿಗೆ ಕೂಗುವ ದನಿಯಲ್ಲಿ ಕೂಗಿದರು. ಯಜಮಾನರೂ ನಾನೂ ಕೈಕಟ್ಟಿ ಕುಳಿತೆವು. ಫೋನಿನಾಚೆ ಮೈದುನನೂ ಕಟ್ಟಿರಬೇಕು.

ಎಮ್ಮೆಯ ಒಡತಿ ಬಂದು ಕಿಟಕಿಗೆ ಬಗ್ಗಿ, "ಯಕ್ಕಾ, ಹೋಗ್ತೀಯೋ, ಇಲ್ಲಾ ಎಮ್ಮೆನ ಇಲ್ಲೇ ಕಟ್ಟಿ ಹಾಲು ಕರ್ಕಳ್ಲೋ?" ಎಂದಳು.

ಕವಳ

ಸೋಮವಾರ ಹೊಸ ಶಾಲೆಗೆ ಹಾಜರಾಗಬೇಕು. ಭಾನುವಾರ ಮೇಡಂ ಮನೆಗೆ ಹೋದೆ. ಅವರ ಮುಖ ಬಾಡಿತ್ತು. "ಆಗಲ್ಲ ಅಂತ ಬರೆದುಕೊಟ್ಬಿಡ್ತೀನಿ ಸರ್. ವಿಡಿಯೊ ನೋಡಿದಷ್ಟೂ ಭಯ ಜಾಸ್ತಿ ಆಗ್ತಿದೆ," ಎಂದರು. ಕೇಳಿ ನನಗೆ ನಿಜಕ್ಕೂ ಸಂಕಟವಾಯಿತು. "ಊರ ಗಡಿವರೆಗಾದ್ರೂ ಹೋಗಿ ಬರೋಣ ಬರ್ರಿ," ಎಂದೆ.

ಹೊರಡುವ ಮುಂಚೆ ಊಟವಾಯಿತು. ನಾನು ಹುಟ್ಟಿದ್ದು ಸೊರಬದ ಕಡೆ. ಶಿಕಾರಿಪುರದವರು ಎಲೆಅಡಿಕೆ ಅನ್ನುವುದನ್ನು ನಾವು ಕವಳ ಅನ್ನುತ್ತೇವೆ. ಅದು ಬಾಯಿಗೆ ಬೀಳದಿದ್ದರೆ ಉಂಡ ಲೆಕ್ಕವಿಲ್ಲ. ತಂಬಾಕು ಸೇರಿಸಿ ಭರ್ತಿ ಕವಳ ಹಾಕಿಕೊಂಡು ಹೊಸ ಕಾರಿನಲ್ಲಿ ಎಡಗಡೆ ಕುಳಿತೆ.

ಕಾರಿನೊಳಗೆಲ್ಲ ಬಿಳಿ ಸೀಟು. ಗಾಜು ಇಳಿಸಲು ಗುಂಡಿ ಒತ್ತಿದೆ, ಇಳಿಯಲಿಲ್ಲ. ಯಾವುದೋ ವಿಡಿಯೊ ನೋಡಿ ಮೇಡಂ ಎಲ್ಲ ಗಾಜುಗಳನ್ನೂ ತಮ್ಮ ಕಡೆಯಿಂದ ಲಾಕ್ ಮಾಡಿದ್ದರು. ಉಗುಳುವಂತಿಲ್ಲ, ನುಂಗುವಂತಿಲ್ಲ, ಬಾಯಿ ತೆರೆಯುವಂತಿಲ್ಲ.

ಊರ ಗಡಿ ಬಂತು. "ಇನ್ನೂ ಮುಂದಕ್ಕೆ ಹೋಗ್ಲೇನ್ರೀ ಸರ್?" ಎಂದರು ಮೇಡಂ.

"ಊಹೂಂ, ನಿಲ್ಲಿಸ್ರಿ," ಅನ್ನಬೇಕಿತ್ತು. ತುಂಬಿದ ಬಾಯಿಯಲ್ಲಿ ಊ ಒಳಗೇ ಉಳಿದು ಹೂಂ ಮಾತ್ರ ಹೊರಗೆ ಬಂತು.

ಮೇಡಂ ಗೇರ್ ಏರಿಸಿದರು.

ಮುಂದೆ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್. "ಓವರ್‌ಟೇಕ್ ಮಾಡ್ಲಾ ಸರ್?" ನನಗೆ ಜೀವ ಬಾಯಿಗೆ ಬಂತು, ಆದರೆ ಅಲ್ಲಿ ಜಾಗವಿರಲಿಲ್ಲ. ಜೋರಾಗಿ ಊಹೂಂ ಎಂದೆ. ಜೋರಾಗಿಯೇ ಹೂಂ ಕೇಳಿಸಿತು. ಟ್ರ್ಯಾಕ್ಟರ್ ಹಿಂದೆ ಬಿತ್ತು.

ಶಿರಾಳಕೊಪ್ಪದ ಸರ್ಕಲ್ಲಿನಲ್ಲಿ ಇನ್ನು ತಡೆಯಲಾರದೆ ನನ್ನ ಎಡಗಡೆಯ ಗಾಜನ್ನು ಬೆರಳಿನಿಂದ ಕುಟ್ಟಿ ಕುಟ್ಟಿ ತೋರಿಸಿದೆ. "ಎಡಕ್ಕಾ? ಸೊರಬಕ್ಕೇ ಹೋಗೋಣ್ವಾ?" ಎಂದು ಮೇಡಂ ಕಣ್ಣರಳಿಸಿ ಎಡಕ್ಕೆ ತಿರುಗಿಸಿಯೇ ಬಿಟ್ಟರು. ಆಮೇಲೆ ಎಮ್ಮೆ ಬಂತು, ಬಸ್ಸು ಬಂತು, ಹಂಪು ಬಂತು. ಎಲ್ಲದಕ್ಕೂ ಮೇಡಂ ಕೇಳಿದರು, ಎಲ್ಲದಕ್ಕೂ ನಾನು ಬೇಡವೆಂದೆ, ಎಲ್ಲವನ್ನೂ ಅವರು ನೀಟಾಗಿ ದಾಟಿದರು. ನೋಡನೋಡುತ್ತ ನನಗೇ ಹೆಮ್ಮೆಯಾಗತೊಡಗಿತು. ಹೇಳಿಕೊಳ್ಳುವಂತಿರಲಿಲ್ಲ ಅಷ್ಟೆ.

ಸೊರಬದ ಬಸ್‌ಸ್ಟ್ಯಾಂಡ್ ಹತ್ತಿರ ಕಾರು ನಿಂತಿತು. ಬಾಗಿಲು ತೆರೆದು ಚರಂಡಿಗೆ ಓಡಿದೆ. ಬಾಯಿ ತೊಳೆದು, ನಿಜ ಹೇಳೋಣವೆಂದು ತಿರುಗಿದರೆ ಮೇಡಂ ಕಣ್ಣಲ್ಲಿ ನೀರು.

"ಇಷ್ಟು ದಿನದಲ್ಲಿ ನನಗೆ ಒಬ್ರೂ ಹೂಂ ಅಂದಿರ್ಲಿಲ್ಲ ಸರ್," ಎಂದರು. "ಹಂಗಲ್ಲ, ಹಿಂಗಲ್ಲ ಅಂತಾನೇ ಎಲ್ರೂ ಹೇಳೋದು. ನೀವು ಇವತ್ತು ಎಲ್ಲದಕ್ಕೂ ಹೂಂ ಅಂದ್ರಿ ನೋಡ್ರಿ, ಧೈರ್ಯ ಬಂತು. ನಾಳೆ ನಾನೊಬ್ಳೇ ಬರ್ತೀನಿ."

ನಿಜ ಹೇಳುವ ಮಾತು ಒಳಗೇ ಹೋಯಿತು.

ಕಣ್ಣೊರೆಸಿಕೊಂಡ ಮೇಡಂ ಸರಸರ ಪಕ್ಕದ ಬೀಡಾ ಅಂಗಡಿಗೆ ಹೋಗಿ ಬಂದರು. ಕೈಯಲ್ಲೊಂದು ಪೊಟ್ಟಣ.

"ತಗೊಳ್ರಿ ಸರ್, ಕವಳ. ಪೂರ್ತಿ ಹಾಕ್ಕೊಳ್ರಿ. ವಾಪಸ್ ಹೊರಡೋಣ."